ತಿಕೋಟಾಕ್ಕೆ ಹೋದ ಮಾತು

ದುಂಡವ್ವ ಜೀವಮಾನದಲ್ಲಿ ಒಂದು ಕುಸ್ತಿಯನ್ನೂ ಕಣ್ಣಾರೆ ಕಂಡವಳಲ್ಲ. ಹೆಣ್ಣುಮಕ್ಕಳು ಕುಸ್ತಿಯ ಕಣದ ಕಡೆ ಹಾಯುವ ರೂಢಿಯೇ ಆಗ ಇರಲಿಲ್ಲ. ಆದರೂ ವಿಜಾಪುರದಲ್ಲಿ ಯಾವ ಪೈಲ್ವಾನ ಗೆಲ್ಲುತ್ತಾನೆ, ಯಾವನ ಬೆನ್ನಿಗೆ ಮಣ್ಣು ಹತ್ತುತ್ತದೆ ಎಂಬುದನ್ನು ಮುಂಚೆಯೇ ತಿಳಿಯಬೇಕೆನ್ನುವವರು ಅವಳ ಖಾನಾವಳಿಗೇ ಬರುತ್ತಿದ್ದರು.

ಖಾನಾವಳಿ ಇದ್ದದ್ದು ಕಾಳುಕಡಿಯ ದಲ್ಲಾಳಿಗಳ ಅಡತಿ ಬಜಾರದ ಹಿಂದಿನ ಓಣಿಯಲ್ಲಿ. ತಗಡಿನ ಚಪ್ಪರ, ಸಾರಿಸಿದ ನೆಲ, ಎರಡು ಸಾಲು ಮಣೆ. ದುಂಡವ್ವ ಕಳ್ಳಕವಟಗಿ ಎಂಬ ಹಳ್ಳಿಗೆ ಕೊಟ್ಟ ಹೆಣ್ಣು. ಗಂಡ ತೀರಿಕೊಂಡ ಮೇಲೆ ಮೈದುನರ ಮನೆಯಲ್ಲಿ ಎಂಟು ವರ್ಷ ಮೂಲೆ ಹಿಡಿದು ಕೂತಿದ್ದು, ಒಂದು ದಿನ ದೂರದ ಸಂಬಂಧದ ಲಕ್ಕವ್ವನನ್ನು ಜೊತೆಗೆ ಕರಕೊಂಡು ಪಟ್ಟಣಕ್ಕೆ ಬಂದು ಒಲೆ ಹೂಡಿದಳು. ಲಕ್ಕವ್ವ ರೊಟ್ಟಿ ಬಡಿಯುವವಳು, ದುಂಡವ್ವ ನೀಡುವವಳು. ನೀಡುವವಳಿಗೆ ಉಣ್ಣುವವರ ಮುಖ ಕಾಣುತ್ತದೆ, ಕೈ ಕಾಣುತ್ತದೆ. ಯಾರ ಮನೆಯಲ್ಲಿ ಜಗಳವಾಗಿದೆ, ಯಾರು ಕಾಯಿಲೆ ಮುಚ್ಚಿಟ್ಟುಕೊಂಡಿದ್ದಾರೆ ಎಂಬುದು ಎರಡನೆಯ ರೊಟ್ಟಿ ಹಾಕುವಷ್ಟರಲ್ಲಿ ಅವಳಿಗೆ ತಿಳಿದುಹೋಗುತ್ತಿತ್ತು.

ಕುಸ್ತಿಯ ಭವಿಷ್ಯ ಶುರುವಾದದ್ದು ಹೀಗೆ. ಸಾಂಗಲಿ ಕಡೆಯ ಒಬ್ಬ ದೊಡ್ಡ ಪೈಲ್ವಾನ ಒಂದು ಮಧ್ಯಾಹ್ನ ಊಟಕ್ಕೆ ಬಂದು ಹದಿನಾಲ್ಕು ರೊಟ್ಟಿ ಮುಗಿಸಿ ಎದ್ದ. ಸುತ್ತ ಕೂತವರು ಬಾಯಿಮೇಲೆ ಕೈಯಿಟ್ಟುಕೊಂಡರು. ದುಂಡವ್ವ ಮಾತ್ರ ಒಳಗೆ ಹೋಗಿ, ನಾಳೆ ಇವನು ಬೀಳುತ್ತಾನೆ, ಹಸಿವಿಗೆ ಉಂಡಿಲ್ಲ, ಅಂಜಿಕೆಗೆ ಉಂಡಿದ್ದಾನೆ ಎಂದು ಲಕ್ಕವ್ವಗೆ ಹೇಳಿದಳು. ಆ ಮಾತು ಕೈ ತೊಳೆಯಲು ಹಿತ್ತಲಿಗೆ ಬಂದಿದ್ದ ಯಲಗೂರಪ್ಪನ ಕಿವಿಗೆ ಬಿತ್ತು. ಯಲಗೂರಪ್ಪ ತಿಕೋಟಾದವನು, ವಿಜಾಪುರದಿಂದ ತಿಕೋಟಾ, ಹೊನವಾಡಕ್ಕೆ ಹೋಗುವ ಬಸ್ಸಿಗೆ ಕಂಡಕ್ಟರ. ಮರುದಿನ ಸಾಂಗಲಿಯವನು ನಾಲ್ಕೇ ನಿಮಿಷಕ್ಕೆ ಅಂಗಾತ ಬಿದ್ದ. ಸಂಜೆಯ ಹೊತ್ತಿಗೆ ದುಂಡವ್ವನ ಮಾತು ಹೊನವಾಡದ ಕಟ್ಟಕಡೆಯ ಮನೆ ಮುಟ್ಟಿತ್ತು.

ಅಂದಿನಿಂದ ಪ್ರತಿ ಜೋಡಿಗೂ ಮುಂಚೆ ಅವಳನ್ನು ಕೇಳುವುದು ಪದ್ಧತಿಯಾಯಿತು. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಆಮೇಲೆ ನಗು ಹೋಯಿತು. ಗಂಡ ಬದುಕಿದ್ದಾಗ ಅವಳ ಮಾತಿಗೆ ಕಿವಿಗೊಟ್ಟವನಲ್ಲ. ಮೈದುನರ ಮನೆಯಲ್ಲಂತೂ ನಾಯಿ ಬೊಗಳಿದರೆ ಹೊರಗೆ ಬಂದು ನೋಡುತ್ತಿದ್ದರು, ಇವಳು ಕರೆದರೆ ಇಲ್ಲ. ಈಗ ಅಡತಿಯ ದೊಡ್ಡ ದೊಡ್ಡ ಮಂದಿ ಕೈಯಲ್ಲಿನ ತುತ್ತು ಕೈಯಲ್ಲೇ ಹಿಡಿದು ಅವಳ ತುಟಿ ನೋಡುತ್ತ ಕೂಡುತ್ತಿದ್ದರು. ಆ ಗಳಿಗೆಯ ರುಚಿ ಅವಳಿಗೆ ಹತ್ತಿತ್ತು. ಒಪ್ಪಿಕೊಳ್ಳುತ್ತಿರಲಿಲ್ಲ, ಆದರೆ ಕುಸ್ತಿಯ ಹಿಂದಿನ ದಿನ ಬೆಳಿಗ್ಗೆ ಬೇಗ ಎದ್ದು, ಒಗೆದ ಸೀರೆ ಉಟ್ಟುಕೊಳ್ಳುವುದನ್ನು ಲಕ್ಕವ್ವ ಕಂಡಿದ್ದಳು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಎರಡು ಮೂರು ತಿಂಗಳಿಗೆ, ಸಂಕ್ರಾಂತಿ ಮುಗಿದ ಮೇಲೆ, ಊರಿನ ಕುಸ್ತಿ ಕಮಿಟಿಯವರು ಹೊಸದೊಂದು ತಂದರು. ಒಂದೇ ಜೋಡಿ, ಮೂರು ರವಿವಾರ, ಮೂರು ಕುಸ್ತಿ. ಮೊದಲನೆಯದು ಬಬಲೇಶ್ವರದಲ್ಲಿ, ಎರಡನೆಯದು ತಿಕೋಟಾದಲ್ಲಿ, ಮೂರನೆಯದು ವಿಜಾಪುರದ ಕೋಟೆಗೋಡೆಯ ಬಯಲಿನಲ್ಲಿ. ಮೂರರಲ್ಲಿ ಎರಡು ಗೆದ್ದವನಿಗೆ ಬೆಳ್ಳಿಯ ಗದೆ, ಮೇಲೆ ಕೊಲ್ಲಾಪುರದ ಒಂದು ತಾಲೀಮಿನ ಗರಡಿಯಲ್ಲಿ ತಿಂಗಳ ಸಂಬಳದ ಪಗಾರಿ ಪೈಲ್ವಾನನೆಂದು ಜಾಗ. ಜೋಡಿ ಎಂದರೆ ಬಬಲೇಶ್ವರದ ಬಸಗೊಂಡಪ್ಪ ಮತ್ತು ತಿಕೋಟಾದ ತುಕಾರಾಮ. ಬಸಗೊಂಡಪ್ಪ ಉಂಡುಟ್ಟ ಒಕ್ಕಲುತನದ ಮನೆಯ ಮಗ, ಕಂಬದಂಥ ಆಳು. ತುಕಾರಾಮ ಕುರಿ ಕಾಯುವ ಮುದುಕವ್ವ ಎಂಬವಳ ಒಬ್ಬನೇ ಮಗ, ಇಪ್ಪತ್ತೆರಡರ ಪ್ರಾಯ. ಮೈಯಲ್ಲಿ ಬಸಗೊಂಡಪ್ಪನಷ್ಟು ಬಲವಿಲ್ಲ, ಆದರೆ ಕೈಗೆ ಸಿಕ್ಕುವವನಲ್ಲ.

ಆ ಮೂರು ವಾರ ಖಾನಾವಳಿಯಲ್ಲಿ ಬೇರೆ ಮಾತೇ ಇರಲಿಲ್ಲ. ಒಂದು ಸಾಲು ಮಣೆ ತಿಕೋಟಾದ ಕಡೆಗೆ, ಇನ್ನೊಂದು ಸಾಲು ಬಬಲೇಶ್ವರದ ಕಡೆಗೆ ಒಡೆದುಹೋಯಿತು. ಈ ಕಡೆ ಮುಂದಾಳು ಯಲಗೂರಪ್ಪನಾದರೆ ಆ ಕಡೆ ಗುರಲಿಂಗಪ್ಪ. ಅಡತಿಯಲ್ಲಿ ಚೀಲ ತೂಗಿಸುವ ಮುಕಾದಮನಾಗಿದ್ದ ಅವನು ಬಬಲೇಶ್ವರದವನು. ಮಾತು ಕಡಿಮೆ, ಆಡಿದರೆ ಮುಳ್ಳು. ಯಾರ ಕುತ್ತಿಗೆ ಎಷ್ಟು ದಪ್ಪ, ಯಾರಿಗೆ ಕುಸ್ತಿ ಕಲಿಸಿದ ವಸ್ತಾದ ಎಷ್ಟು ಜಾಣ, ಯಾರು ಎಷ್ಟು ಸೇರು ಹಾಲು ಕುಡಿಯುತ್ತಾರೆ ಎಂದು ವಾದಿಸಿ ವಾದಿಸಿ ಪಲ್ಯ ಆರಿಹೋಗುತ್ತಿತ್ತು. ಕೊನೆಗೆ ಎರಡೂ ಸಾಲು ದುಂಡವ್ವನ ಕಡೆ ತಿರುಗುತ್ತಿದ್ದವು.

ಮೊದಲ ವಾರ ಅವಳು ತುಕಾರಾಮ ಎಂದಳು. ಅವನು ಹಿಂದಿನ ದಿನ ಊಟಕ್ಕೆ ಬಂದು, ತಾಟು ಮುಗಿದ ಮೇಲೂ ಅವಸರವಿಲ್ಲದೆ ಕೂತಿದ್ದ. ಬಸಗೊಂಡಪ್ಪ ಬಾಗಿಲು ನೋಡುತ್ತ ಉಂಡಿದ್ದ. ಬಬಲೇಶ್ವರದ ನೆಲದಲ್ಲೇ ಬಸಗೊಂಡಪ್ಪ ಬಿದ್ದ. ಎರಡನೆಯ ವಾರ ಅವಳು ಬಸಗೊಂಡಪ್ಪ ಎಂದಾಗ ಯಲಗೂರಪ್ಪ ತಾಟು ಬಿಟ್ಟು ಎದ್ದುಹೋದ. ಸ್ವಂತ ಊರಿನ ಕಣದಲ್ಲಿ ತುಕಾರಾಮ ಸೋಲುವುದೆಂದರೇನು. ಆದರೆ ಅವಳು ಕಂಡದ್ದನ್ನು ಹೇಳಿದ್ದಳು. ಆ ವಾರವೆಲ್ಲ ತಿಕೋಟಾದ ಮಂದಿ ಹುಡುಗನನ್ನು ಮನೆಮನೆಗೆ ಕರೆದು ಉಣ್ಣಿಸಿ ಮೆರೆಸಿದ್ದರು, ಶನಿವಾರ ಖಾನಾವಳಿಗೆ ಬಂದಾಗ ಅವನ ಕಣ್ಣು ತಾಟಿನ ಮೇಲೆ ನಿಂತಿರಲಿಲ್ಲ. ಅರ್ಧ ತಾಸು ಗುದ್ದಾಡಿದ ಮೇಲೆ ಬಸಗೊಂಡಪ್ಪ ಅವನನ್ನು ನಡುಹಿಡಿದೆತ್ತಿ ತಲೆಕೆಳಗಾಗಿ ಒಗೆದನಂತೆ. ತಿಕೋಟಾ ಮೂರು ದಿನ ಮಂಕು ಹಿಡಿದು ಕೂತಿತು. ದುಂಡವ್ವನ ಹೆಸರು ಮಾತ್ರ ಮತ್ತಷ್ಟು ಏರಿತು.

ಮೂರನೆಯ ಕುಸ್ತಿಗೆ ಮೂರು ದಿನ ಉಳಿದಾಗ, ಗುರುವಾರ, ಊಟದ ಗದ್ದಲ ಮುಗಿದು ಲಕ್ಕವ್ವ ಒಲೆಯ ಬೂದಿ ತೆಗೆಯುತ್ತಿದ್ದ ಹೊತ್ತಿಗೆ ತುಕಾರಾಮ ಒಬ್ಬನೇ ಬಂದ. ಹೆಗಲ ಮೇಲೆ ಕಂಬಳಿ ಹೊದ್ದಿದ್ದ, ಅಂಥ ಚಳಿಯೇನೂ ಇರಲಿಲ್ಲ. ದುಂಡವ್ವ ರೊಟ್ಟಿ, ಎಣಗಾಯಿ ಪಲ್ಯ, ಒಂದು ಬಟ್ಟಲು ಮೊಸರು ತಂದಿಟ್ಟು, ಕಂಬಕ್ಕೆ ಒರಗಿ ನಿಂತಳು.

ಅವನು ರೊಟ್ಟಿಗೆ ಕೈ ಹಾಕಿದ. ರೊಟ್ಟಿ ಮುರಿಯಲಿಲ್ಲ. ಹೆಬ್ಬೆರಳು ಒತ್ತುತ್ತಿತ್ತು, ಉಳಿದ ಬೆರಳು ಅದರ ಮಾತು ಕೇಳುತ್ತಿರಲಿಲ್ಲ. ಎರಡು ಸಲ ನೋಡಿ, ಮೂರನೆಯ ಸಲ ಇಡೀ ರೊಟ್ಟಿಯನ್ನು ಅಂಗೈಯಿಂದ ತಾಟಿಗೆ ಒತ್ತಿ ಪುಡಿ ಮಾಡಿ, ಮೊಸರು ಸುರುವಿಕೊಂಡು, ಮೊಸರಲ್ಲಿ ಕಲಸಿ ತಿನ್ನುವುದು ತನಗೆ ಇಷ್ಟ ಎಂಬಂತೆ ಎಡಗೈಯಿಂದ ಉಣ್ಣತೊಡಗಿದ. ದುಂಡವ್ವ ಅವನೆದುರು ಕುಕ್ಕರಿಸಿ ಕೂತು ಅವನ ಬಲಗೈ ಎತ್ತಿ ತನ್ನ ಅಂಗೈಯಲ್ಲಿಟ್ಟುಕೊಂಡಳು. ತಣ್ಣಗಿತ್ತು. ಕಿರುಬೆರಳಿನ ಬುಡವನ್ನು ಉಗುರಿನಿಂದ ಚಿವುಟಿದಳು. ಅವನು ಕೈ ಹಿಂದಕ್ಕೆಳೆಯಲಿಲ್ಲ. ಅವಳು ಚಿವುಟಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

"ಯಾವಾಗಿಂದ?" ಎಂದು ಕೇಳಿದಳು.

"ತಿಕೋಟಾದಾಗ ಬಿದ್ದಾಗಿಂದ್ರಿ. ಜೋಮ ಹಿಡದಂಗ ಆಗೇತಿ. ಕುತಗಿ ಹೊಳ್ಳಿಸಿದ್ರ ತೋಳಿನ ತನಕಾ ಬೆಂಕಿ ಹರದಂಗ ಆಗತೈತಿ."

"ವಸ್ತಾದಗ ಹೇಳೀಯೇನು?"

"ಹೇಳಿದ್ರ ಅವರು ನನ್ನ ಇಳಸೂದಿಲ್ರಿ."

ವಸ್ತಾದ ಎಂದರೆ ತಿಕೋಟಾದ ಗರಡಿಯ ಅಬ್ದುಲಸಮದ, ಹದಿಮೂರನೆಯ ವಯಸ್ಸಿನಿಂದ ತುಕಾರಾಮನನ್ನು ತಿದ್ದಿದವನು. ದುಂಡವ್ವ ಸುತ್ತಿಬಳಸಲಿಲ್ಲ.

"ಹಂಗಾರ ನೀನ ಇಳೀಬ್ಯಾಡಪ. ಈ ಕೈಲೆ ಇಳದ್ರ ಬೀಳತಿ. ಬಿದ್ರ ಏಳೂದಿಲ್ಲ ಅಂತ ನನ್ನ ಜೀವ ಹೇಳಾಕತ್ತೈತಿ."

ಅವನು ತಾಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ತನ್ನ ಕಷ್ಟ ಬಿಡಿಸಿ ಹೇಳಿದ. ಹಿಂದೆ ಸರಿದರೆ ಕೊಲ್ಲಾಪುರದ ಜಾಗ ಹೋಯಿತು, ಮತ್ತೆ ಕುರಿಯ ಹಿಂದೆ ಅಡ್ಡಾಡುವುದೇ. ಅದಕ್ಕಿಂತ ಹೆಚ್ಚಾಗಿ, ಸೋತವನು ಕೈಯ ನೆಪ ಹೇಳಿ ಅಂಜಿ ಓಡಿದ ಎಂದು ಬಬಲೇಶ್ವರದವರು ಊರೂರಿಗೆ ಡಂಗುರ ಸಾರುತ್ತಾರೆ. ದುಂಡವ್ವ ಬಿಡಲಿಲ್ಲ. ವಸ್ತಾದನೇ ಕಮಿಟಿಯವರಿಗೆ ಹೇಳಿ ಕುಸ್ತಿಯನ್ನು ಒಂದೆರಡು ತಿಂಗಳು ಮುಂದೂಡಿಸಿದರೆ ಯಾರ ಮಾನವೂ ಹೋಗುವುದಿಲ್ಲ ಎಂದಳು. ಕೊನೆಗೆ ಅವನು ಒಪ್ಪಿದ. ಅಬ್ದುಲಸಮದ ಮದುವೆಗೆಂದು ಪರಊರಿಗೆ ಹೋಗಿದ್ದ, ಶನಿವಾರ ಸಂಜೆ ಗರಡಿಗೆ ಬರುತ್ತಿದ್ದ. ಆಗ ಹೇಳುತ್ತೇನೆ, ಅಲ್ಲಿಯತನಕ ಈ ಕೈಯ ಸುದ್ದಿ ಯಾರ ಕಿವಿಗೂ ಬೀಳಬಾರದು ಎಂದು ಮಾತು ತೆಗೆದುಕೊಂಡ. ಬಸಗೊಂಡಪ್ಪನಿಗೆ ಗೊತ್ತಾಗಿ, ಕುಸ್ತಿ ಮುಂದೆ ಹೋಗದಿದ್ದರೆ, ಅವನು ಮೊದಲು ನೋಯುವ ಆ ಕುತ್ತಿಗೆಗೇ ಕೈ ಹಾಕುತ್ತಾನೆ. ದುಂಡವ್ವ ಒಲೆಯ ಆಣೆ ಮಾಡಿದಳು. ಅವನು ಎದ್ದು, ಬಾಗಿಲಲ್ಲಿ ಬಾಗಿ, ಬಿಸಿಲಿಗೆ ಇಳಿದು ಹೋದ.

ಶನಿವಾರ ಮಧ್ಯಾಹ್ನ ಕೂಡಲು ಮಣೆ ಸಾಲಲಿಲ್ಲ. ಮಂದಿ ಗೋಡೆಗೆ ಒರಗಿ, ತಾಟು ಕೈಯಲ್ಲಿ ಹಿಡಿದು ನಿಂತು ಉಂಡರು. ಹಮಾಲರು, ಅಡತಿಯ ಗುಮಾಸ್ತರು, ಬಸ್ಸಿನವರು, ಬಬಲೇಶ್ವರದಿಂದ ಜೀಪು ಮಾಡಿಕೊಂಡು ಬಂದವರು. ಬಸಗೊಂಡಪ್ಪ ಊಟ ಮಾಡಿ ಹೋಗಿದ್ದ, ನೆಟ್ಟಗೆ ಉಂಡಿದ್ದ. ತುಕಾರಾಮ ಬಂದಿರಲಿಲ್ಲ. ಯಲಗೂರಪ್ಪ ಸಿಟ್ಟು ಮರೆತು ಮುಂದಿನ ಮಣೆಯ ಮೇಲೆ ಕೂತು, ಹೇಳವ್ವಾ, ನಾಕು ಗಂಟೆಗೆ ಬಸ್ಸು ಬಿಡಬೇಕು, ಊರಿಗೆ ಏನು ಒಯ್ಯಲಿ ಎಂದು ಕೇಳಿದ.

ಈ ಸಲ ನಾನು ಹೇಳುವುದಿಲ್ಲ ಎಂದಳು ದುಂಡವ್ವ. ಮಂದಿ ನಕ್ಕರು. ಅವಳು ಪಲ್ಯದ ಬೋಗುಣಿ ಹಿಡಿದು ಎರಡನೆಯ ಸಾಲಿಗೆ ಹೋದಳು. ಅಲ್ಲಿಯೂ ಅದೇ ಪ್ರಶ್ನೆ. ಯಾಕೆ ಹೇಳುವುದಿಲ್ಲ, ಮೈಯಲ್ಲಿ ಹುಷಾರಿಲ್ಲವೋ, ಬಸಗೊಂಡಪ್ಪನ ಕಡೆಯವರು ಬಾಯಿ ಕಟ್ಟಿದರೋ ಎಂದು ಒಬ್ಬೊಬ್ಬರು ಒಂದೊಂದು ಅಂದರು. ಗುರಲಿಂಗಪ್ಪ ಮಾತ್ರ ನೀರು ಕುಡಿದು ತಂಬಿಗೆ ಕೆಳಗಿಟ್ಟ.

"ಎರಡ ಸಲ ಕುರುಡಗಲ್ಲು ಒಗದು ಗುರಿ ಹೊಡದಂಗ ಆತು. ಮೂರನೇದಕ್ಕ ಕಲ್ಲ ಮುಗದಾವು," ಎಂದ ಅವನು. ಆಮೇಲೆ ಅವಳ ಮುಖವನ್ನೇ ನೋಡುತ್ತ, "ಇಲ್ಲಾಂದ್ರ ಇನ್ನೊಂದೈತಿ. ಗುರುವಾರ ಮಧ್ಯಾಹ್ನ ತಿಕೋಟಾದಂವ ಕಂಬಳಿ ಹೊತಗೊಂಡು ಇಲ್ಲಿಂದ ಹೊಂಟದ್ದನ್ನ ನಾ ನೋಡೇನಿ. ಅಂವಗ ಏನೋ ಆಗೇತಿ. ಅದನ್ನ ಈಕಿ ಕಂಡಾಳ."

ಬಬಲೇಶ್ವರದ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಜೀಪಿನಲ್ಲಿ ಬಂದವನೊಬ್ಬ ಉಣ್ಣುವುದು ಬಿಟ್ಟು ಎದ್ದೇ ನಿಂತ. ಇನ್ನು ಗಳಿಗೆಯಲ್ಲಿ ಈ ಮಾತು ಬಸಗೊಂಡಪ್ಪನನ್ನು ಮುಟ್ಟುತ್ತದೆ ಎಂದು ದುಂಡವ್ವಗೆ ಅನಿಸಿತು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಅರವತ್ತು ಎಪ್ಪತ್ತು ಜನ ಗಂಡಸರು ತುತ್ತು ನಿಲ್ಲಿಸಿ ಅವಳು ಬಾಯಿ ತೆರೆಯುವುದನ್ನು ಕಾಯುತ್ತಿದ್ದರು.

"ತುಕಾರಾಮ ಗೆಲ್ತಾನ," ಎಂದಳು. "ಅಂವಗ ಏನೂ ಆಗಿಲ್ಲ. ಒಂಬತ್ತು ರೊಟ್ಟಿ ಉಂಡು ಹೋಗ್ಯಾನ. ನಾ ನೋಡೇನಿ."

ತಿಕೋಟಾದ ಸಾಲು ಎದ್ದು ಕುಣಿದಂತೆ ಮಾಡಿತು. ಯಲಗೂರಪ್ಪ ಕೈ ತೊಳೆಯುವುದನ್ನೂ ಮರೆತು ಬಸ್ ಸ್ಟ್ಯಾಂಡಿನತ್ತ ಓಡಿದ. ಗುರಲಿಂಗಪ್ಪ ತಲೆ ತಗ್ಗಿಸಿ ಉಳಿದದ್ದನ್ನು ಉಂಡ. ದುಂಡವ್ವ ಒಳಗೆ ಹೋಗಿ ಹಿಟ್ಟಿನ ಗಡಿಗೆಯ ಹತ್ತಿರ ಕೂತಳು. ಏನು ಹೇಳಿಬಂದೆ ಎಂದು ಲಕ್ಕವ್ವ ಕೇಳಿದಾಗ, ಹುಡುಗನನ್ನು ಕಾಯ್ದೆ, ಹೇಗೂ ಸಂಜೆ ಅವನು ವಸ್ತಾದನಿಗೆ ಹೇಳುತ್ತಾನೆ, ಕುಸ್ತಿಯೇ ನಿಲ್ಲುತ್ತದೆ ಎಂದಳು. ಹೇಳುವಾಗ ಅದು ಅವಳಿಗೆ ನಿಜವೆನಿಸಿತು.

ರವಿವಾರ ಮೂರು ಗಂಟೆಗೆ ಕೋಟೆಗೋಡೆಯ ಕಡೆಯಿಂದ ಹಲಗೆ ಬಾರಿಸುವ ಸದ್ದು ಕೇಳತೊಡಗಿತು. ಖಾನಾವಳಿ ಖಾಲಿ. ಚಿಲ್ಲರೆ ಕುಸ್ತಿಗಳಿಗೆ ಬಾರಿಸುತ್ತಿರಬೇಕು ಎಂದುಕೊಂಡು ದುಂಡವ್ವ ಬಾಗಿಲಲ್ಲಿ ಕೂತು ಶೇಂಗಾ ಸುಲಿದಳು. ಕುಸ್ತಿ ನಿಂತಿದ್ದರೆ ಮಂದಿ ಹೊಳ್ಳಿ ಬರಬೇಕಿತ್ತು. ಯಾರೂ ಬರಲಿಲ್ಲ. ನಾಲ್ಕೂವರೆಯ ಸುಮಾರಿಗೆ ಒಂದು ದೊಡ್ಡ ಕೂಗು ಎದ್ದಿತು. ಆ ಕೂಗು ಮಳೆ ನಿಂತಂತೆ ಒಮ್ಮೆಲೆ ನಿಂತಿತು. ಹಲಗೆಯೂ ನಿಂತಿತು. ಗೆದ್ದವನನ್ನು ಹೊತ್ತು ಮೆರೆಸುವ ಗದ್ದಲಕ್ಕಾಗಿ ಅವಳು ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ.

ಹೊತ್ತು ಮುಳುಗುವ ಮುಂಚೆ ಮಂದಿ ಓಣಿಯಲ್ಲಿ ಹಾದುಹೋದರು, ಇಬ್ಬಿಬ್ಬರು, ಮೂವರು, ಮಾತಿಲ್ಲದೆ. ಗುರಲಿಂಗಪ್ಪ ಚಪ್ಪರದೊಳಗೆ ಬಂದು ನೀರು ಕೇಳಿದ. ಅವನ ಕಡೆಯವನೇ ಗೆದ್ದಿದ್ದ. ಆದರೆ ಕೊಟ್ಟ ತಂಬಿಗೆಯನ್ನು ಬಾಯಿಗೆ ಹಚ್ಚದೆ ಕೆಳಗಿಟ್ಟ. ತುಕಾರಾಮ ಹತ್ತು ನಿಮಿಷ ಚಲೋ ಆಡಿದನಂತೆ. ಬಸಗೊಂಡಪ್ಪ ಎತ್ತಿದಾಗ ಬಲಗೈಯಿಂದ ಅವನ ಲಂಗೋಟಿ ಹಿಡಿಯಲು ಹೋದನಂತೆ, ಹಿಡಿತ ಸಿಗಲಿಲ್ಲ. ಕುತ್ತಿಗೆಯ ಮೇಲೆ ಬಿದ್ದ. ಕಣ್ಣು ತೆರೆದಿದ್ದವು, ಮಾತಾಡುತ್ತಿದ್ದ, ಎಬ್ಬಿಸಬೇಡಿ, ನನ್ನ ಕಾಲು ಎಲ್ಲಿವೆ ಎಂದು ಕೇಳುತ್ತಿದ್ದ. ಬಸಗೊಂಡಪ್ಪ ಗದೆ ಮುಟ್ಟದೆ ಕಣದಲ್ಲೇ ಕೂತು ಅತ್ತನಂತೆ. ಜೀಪಿನಲ್ಲಿ ಮರದ ಹಲಗೆ ಹಾಸಿ ಮಿರಜಿನ ಆಸ್ಪತ್ರೆಗೆ ಒಯ್ದರು.

ಒಂದೂವರೆ ತಿಂಗಳಿಗೆ ಮಿರಜಿನಿಂದ ತಿರುಗಿ ಕಳಿಸಿದರು. ಜೀವ ಉಳಿದಿತ್ತು. ಎದೆಯಿಂದ ಕೆಳಗೆ ಮೈ ಅವನದಾಗಿರಲಿಲ್ಲ, ಕೈಗಳೂ ಅಲ್ಲ.

ಖಾನಾವಳಿಯಲ್ಲಿ ಕೆಲವು ದಿನ ಇದೇ ಮಾತು ನಡೆಯಿತು. ದುಂಡವ್ವನ ಭವಿಷ್ಯ ಸುಳ್ಳಾಯಿತಲ್ಲ ಎಂದು ಆಶ್ಚರ್ಯಪಟ್ಟರು. ಅವಳು ಕಂಡದ್ದು ಸರಿಯೇ, ಹಣೆಬರಹ ಅಡ್ಡ ಬಂತು ಎಂದು ಕೆಲವರು ಸಮಾಧಾನ ಹೇಳಿದರು. ಯಾರೂ ಅವಳನ್ನು ಬೈಯಲಿಲ್ಲ. ಯಾರಾದರೂ ಬೈದಾರು ಎಂದು ಅವಳು ದಿನಾ ಕಾಯುತ್ತಿದ್ದಳು. ಒಗೆದ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಕುಸ್ತಿಯ ಬಗ್ಗೆ ಕೇಳಿದವರಿಗೆ, ನನಗೆ ಕಣ್ಣು ಮಂಜಾಗಿವೆ, ಕೇಳಬೇಡಿ ಎನ್ನುತ್ತಿದ್ದಳು. ಆರು ತಿಂಗಳಲ್ಲಿ ಮಂದಿ ಸ್ಟೇಶನ್ ರೋಡಿನ ಒಬ್ಬ ಕ್ಷೌರಿಕನನ್ನು ಹುಡುಕಿಕೊಂಡರು. ಅವನು ಪೈಲ್ವಾನರ ಕುತ್ತಿಗೆ ನೋಡಿ ಹೇಳುತ್ತಾನೆ ಎಂದು ಸುದ್ದಿಯಾಯಿತು.

ಅದಕ್ಕೂ ಮುಂಚೆ, ಯುಗಾದಿ ಕಳೆದ ಮೇಲೆ, ಒಂದು ದಿನ ವಸ್ತಾದ ಅಬ್ದುಲಸಮದ ಖಾನಾವಳಿಗೆ ಬಂದ. ಉಣ್ಣಲಿಲ್ಲ. ಚಹಾ ಕೊಟ್ಟರೆ ಕುಡಿಯಲಿಲ್ಲ. ಅವನು ಗರಡಿಯ ಬಾಗಿಲು ಹಾಕಿ ಕೀಲಿಯನ್ನು ಪಂಚರ ಕೈಗೆ ಕೊಟ್ಟಿದ್ದ. ತಾನು ಯಾರಿಗೂ ಹೇಳದ ಒಂದು ಸಂಗತಿ ಇದೆ ಎಂದು ಶುರುಮಾಡಿದ. ಕುಸ್ತಿಯ ಹಿಂದಿನ ಸಂಜೆ ತುಕಾರಾಮ ಗರಡಿಗೆ ಬಂದು ಅವನ ಮಗ್ಗುಲಲ್ಲಿ ಕೂತಿದ್ದನಂತೆ. ವಸ್ತಾದ, ಒಂದು ಮಾತಿದೆ ಎಂದನಂತೆ. ಏನು ಎಂದು ಇವನು ಕೇಳುವಷ್ಟರಲ್ಲಿ ಯಲಗೂರಪ್ಪ ಬಾಗಿಲಲ್ಲಿ ಬಂದು ನಿಂತು, ದುಂಡವ್ವ ಹೇಳಿದ್ದಾಳೆ, ತುಕಾರಾಮನೇ ಗೆಲ್ಲುತ್ತಾನೆ ಎಂದು ಸಾರಿದನಂತೆ. ಹುಡುಗ ಯಲಗೂರಪ್ಪನನ್ನು ಎರಡು ಸಲ ಕೇಳಿದ, ಖರೇ ಹಾಗೆ ಅಂದರೇ ಎಂದು. ಆಮೇಲೆ ಹುಡುಗನ ಮುಖ ತಿಳಿಯಾಯಿತು.

"ಏನೋ ಹೇಳಾವಿದ್ದೆಲ್ಲಾ ಅಂತ ನಾ ಕೇಳಿದ್ನಿ," ಎಂದ ಅಬ್ದುಲಸಮದ. "ಏನಿಲ್ಲ ಬಿಡ್ರಿ ವಸ್ತಾದ ಅಂದ. ಏನಿದ್ದೀತವ್ವಾ ಅದು? ದಿನಾ ಇದನ್ನ ನೆನಸತೇನಿ. ಅಂವನ್ನ ಕೇಳಿದ್ರ ಹೇಳವಲ್ಲ. ನಿನಗೇನರ ಗೊತ್ತೈತೇನು?"

ದುಂಡವ್ವ ತಲೆ ಅಲ್ಲಾಡಿಸಿದಳು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಲು ಆಗಲಿಲ್ಲ, ಗೊತ್ತು ಎನ್ನಲೂ ಆಗಲಿಲ್ಲ. ಆ ಮುದುಕ ಚಪ್ಪಲಿ ಮೆಟ್ಟಿಕೊಂಡು ಓಣಿಯ ತಿರುವಿನಲ್ಲಿ ಮರೆಯಾಗುವತನಕ ನಿಂತು ನೋಡಿದಳು. ಅಂದು ರಾತ್ರಿಯ ಊಟಕ್ಕೆ ಬಂದವರಿಗೆ ಲಕ್ಕವ್ವ ಒಬ್ಬಳೇ ನೀಡಬೇಕಾಯಿತು.

ಮರುದಿನ ದುಂಡವ್ವ ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋದಳು. ಮುದುಕವ್ವನ ಮನೆ ಊರ ಹೊರಗೆ, ಕುರಿದೊಡ್ಡಿಗೆ ಹತ್ತಿ. ದೊಡ್ಡಿಯಲ್ಲಿ ಏಳೆಂಟು ಕುರಿ ಉಳಿದಿದ್ದವು. ಮಗನ ಆರೈಕೆ ಬಿಟ್ಟು ಅಡವಿಗೆ ಹೋಗುವುದಾಗದೆ ಮಿಕ್ಕ ಕುರಿಗಳನ್ನು ಮುದುಕವ್ವ ಅಣ್ಣನ ಮನೆಗೆ ಹೊಡೆದು ಕಳಿಸಿದ್ದಳು. ಖಾನಾವಳಿಯ ದುಂಡವ್ವ ಎಂದು ತಿಳಿದಾಗ ಮುದುಕವ್ವ ಅವಳ ಕೈ ಹಿಡಿದು, ನಿನ್ನ ಮನೆಯ ಅನ್ನ ಉಂಡಿದ್ದಾನೆ ನನ್ನ ಮಗ ಎಂದು ಒಳಗೆ ಕರೆದೊಯ್ದಳು. ಮಜ್ಜಿಗೆ ತರಲು ತಾನು ಹಿತ್ತಲಿಗೆ ಹೋದಳು.

ತುಕಾರಾಮ ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿದ್ದ. ಅಷ್ಟು ದೊಡ್ಡ ಆಳು ಕಂಬಳಿಯ ಕೆಳಗೆ ಬಡಿಗೆಯ ಹಾಗೆ ಬಡಕಲಾಗಿದ್ದ. ಕಣ್ಣು ಹೊರಳಿಸಿ ಅವಳನ್ನು ನೋಡಿದ. ಕೂತುಕೊಳ್ಳಿ ಎಂದ. ಅವಳು ನೆಲದ ಮೇಲೆ ಕೂತಳು. ಏನು ಮಾತಾಡಬೇಕೆಂದು ಬಸ್ಸಿನಲ್ಲಿ ಕೂಡಿಸಿಕೊಂಡದ್ದೆಲ್ಲ ಮರೆತುಹೋಗಿತ್ತು. ಅವನೇ ಕೇಳಿದ.

"ಗುರುವಾರ ಬೀಳತಿ ಅಂದ್ರಿ. ಶನಿವಾರ ಗೆಲ್ತಾನ ಅಂದ್ರಿ. ನಡುವ ಏನ ಕಂಡ್ರಿ ಅವ್ವಾರ ನೀವು? ಮಲಗಿದಲ್ಲೆ ಇದನ್ನ ವಿಚಾರ ಮಾಡತೇನಿ. ಏನೋ ಕಂಡಿರಬೇಕು. ಸುಮ್ಮನ ಹೇಳಾವರಲ್ಲ ನೀವು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದಪ್ಪ, ಕಂಡಿದ್ದೆ, ನಸೀಬು ಕೈಕೊಟ್ಟಿತು ಎಂದು ಹೇಳಿಬಿಡಬಹುದಿತ್ತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಹೇರಲು ಅವಳಿಗೆ ಧೈರ್ಯವಾಗಲಿಲ್ಲ.

"ಏನೂ ಕಂಡಿರಲಿಲ್ಲಪ. ನಿನ್ನ ಕೈ ಸುದ್ದಿ ಹೊರಬೀಳತೈತಿ ಅಂತ ಅಂಜಿ ಅಂದೆ. ನೀ ಹೆಂಗೂ ವಸ್ತಾದಗ ಹೇಳತಿ ಅಂತ ತಿಳದಿದ್ದೆ." ಉಳಿದದ್ದನ್ನೂ ಹೇಳಿದಳು. "ನಿನ್ನ ಸಲುವಾಗಿ ಅಂದೆ ಅಂತ ಇಷ್ಟು ದಿನ ಅಂದಕೊಂಡೇನಿ. ನನ್ನ ಸಲುವಾಗೂ ಇದ್ದೀತು. ಅಷ್ಟು ಮಂದಿ ಮುಂದ ಬಾಯಿ ಮುಚಗೊಂಡು ನಿಂದ್ರೂದು ನನ್ನ ಕೈಲೆ ಆಗಲಿಲ್ಲ."

ತುಕಾರಾಮ ಮಾಡಿನ ತೊಲೆ ನೋಡುತ್ತ ಮಲಗಿದ್ದ. ಹಿತ್ತಲಲ್ಲಿ ಮುದುಕವ್ವ ಕಡೆಗೋಲು ತೊಳೆಯುವ ಸದ್ದು ಬರುತ್ತಿತ್ತು.

"ತಿಳದಾಕಿ ಒಬ್ಬಾಕಿ ನನ್ನ ಗೆಲವ ಕಂಡಿದ್ಲು ಅನ್ನೂದೊಂದ ಉಳದಿತ್ತು ನನಗ," ಎಂದ. "ಇನ್ನ ಬರಬ್ಯಾಡ್ರಿ ನೀವು."

ಮುಖ ಗೋಡೆಯ ಕಡೆ ಹೊರಳಿಸಿಕೊಂಡ. ಅಷ್ಟು ಮಾತ್ರ ಅವನಿಂದ ಆಗುತ್ತಿತ್ತು. ದುಂಡವ್ವ ಎದ್ದು ಹೊರಗೆ ಬಂದಳು. ಮುದುಕವ್ವ ಕೊಟ್ಟ ಮಜ್ಜಿಗೆಯನ್ನು ಅಂಗಳದಲ್ಲಿ ನಿಂತು ಕುಡಿದಳು. ಬಸ್ಸಿನಲ್ಲಿ ಯಲಗೂರಪ್ಪ ಅವಳ ಸೀಟಿನ ಹತ್ತಿರ ಬಂದು ನಿಂತು, ಆ ಶನಿವಾರ ನಾನು ಗರಡಿಗೆ ಹೋಗದೇ ಇದ್ದಿದ್ದರೆ ಚಲೋ ಇತ್ತೇನೋ, ಯಾಕೋ ಹಾಗೆ ಅನಿಸುತ್ತದೆ ಎಂದ. ನಿನ್ನದೇನೂ ತಪ್ಪಿಲ್ಲಪ್ಪ ಎಂದಳು. ವಿಜಾಪುರ ಬರುವತನಕ ಕಿಡಕಿಯ ಹೊರಗೆ ನೋಡುತ್ತ ಕೂತಳು.

ಬರಬೇಡ ಎಂದರೂ ಅವಳು ಹೋದಳು. ಪ್ರತಿ ಅಮಾವಾಸ್ಯೆಗೆ ಖಾನಾವಳಿ ಬಂದ್ ಇರುತ್ತಿತ್ತು. ಅಂದು ಮೊದಲ ಬಸ್ಸು ಹಿಡಿಯುತ್ತಿದ್ದಳು. ಒಳಗೆ ಮಾತ್ರ ಕಾಲಿಡಲಿಲ್ಲ. ಕಟ್ಟೆಯ ಮೇಲೆ ಮುದುಕವ್ವನ ಜೊತೆ ಕೂತು ಜೋಳ ಹಸನು ಮಾಡುತ್ತಿದ್ದಳು, ಉಣ್ಣೆ ಬಿಡಿಸುತ್ತಿದ್ದಳು, ಮಗನ ಬಟ್ಟೆ ಒಗೆದು ಬೇಲಿಯ ಮೇಲೆ ಹಾಕುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು, ಒಮ್ಮೊಮ್ಮೆ ನೀರು ಬೇಕೆಂಬ ದನಿ. ಆಗ ಮುದುಕವ್ವ ಎದ್ದು ಹೋಗುತ್ತಿದ್ದಳು. ಯಾರು ಬಂದಿದ್ದಾರೆ ಎಂದು ಅವನು ಯಾವತ್ತೂ ಕೇಳಲಿಲ್ಲ, ಅವಳ ದನಿ ಅವನಿಗೆ ಕೇಳಿಸುತ್ತಿತ್ತು ಎಂಬುದರಲ್ಲಿ ಸಂಶಯವಿರಲಿಲ್ಲ.

ಹೀಗೆ ಹನ್ನೆರಡು ಅಮಾವಾಸ್ಯೆ ಆದವು. ಮಲಗಿದಲ್ಲೇ ಮಲಗಿ ಬೆನ್ನಿಗಾದ ಹುಣ್ಣು ನಂಜಾಗಿ, ಮುಂದಿನ ವರ್ಷದ ಬೇಸಿಗೆಯಲ್ಲಿ ತುಕಾರಾಮ ತೀರಿಕೊಂಡ. ಸುದ್ದಿಯನ್ನು ಯಲಗೂರಪ್ಪನೇ ತಂದ. ದುಂಡವ್ವ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಬಸಗೊಂಡಪ್ಪ ಕೊಲ್ಲಾಪುರದಿಂದ ಬಂದು ಹೆಗಲು ಕೊಟ್ಟು ಹೋದನಂತೆ.

ಮೂರನೆಯ ದಿನ ಮಂದಿಯೆಲ್ಲ ಚದುರಿದ ಮೇಲೆ ಮುದುಕವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ದುಂಡವ್ವ ಹೋಗಿ ಮಗ್ಗುಲಲ್ಲಿ ಕೂತು, ನಿನಗೊಂದು ಮಾತು ಹೇಳಬೇಕಾಗಿದೆ, ಒಂದು ವರ್ಷದಿಂದ ಹೇಳಬೇಕೆಂದು ಬಂದು ಬಂದು ಹೋಗಿದ್ದೇನೆ ಎಂದಳು. ಮುದುಕವ್ವ ಅವಳ ಕಡೆ ನೋಡಲಿಲ್ಲ.

"ಗೊತ್ತೈತಿ," ಎಂದಳು. "ನೀ ಮೊದಲ ಬಂದು ಹ್ವಾದ ಸಂಜೀಕೇನ ಹೇಳಿದ್ದ ಅಂವ."

ಗೊತ್ತಿದ್ದೂ ನನ್ನನ್ನು ಯಾಕೆ ಕೂಡಗೊಟ್ಟೆ ಎಂದು ದುಂಡವ್ವ ಕೇಳಿದಳು.

"ಆಕೀನ್ನ ಒಳಗ ಕರೀಬ್ಯಾಡ ಅಂದಿದ್ದ. ಕಟ್ಟಿ ಮ್ಯಾಲ ಕುಂದ್ರಸಬ್ಯಾಡ ಅಂದಿರಲಿಲ್ಲ." ಮುದುಕವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೊದಲ ಎರಡ ತಿಂಗಳ ನಿನ್ನ ಮುಖ ನೋಡಿದ್ರ ನನ್ನ ಹೊಟ್ಟಿ ಉರೀತಿತ್ತು. ಆಮ್ಯಾಲ ಊರಾವರು ಬರೂದು ಬಿಟ್ರು. ನೀ ಒಬ್ಬಾಕಿ ಬರತಿದ್ದಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ದುಂಡವ್ವ ಕೇಳಲೂ ಇಲ್ಲ. ಬಿಸಿಲು ಕಟ್ಟೆಯಿಂದ ಇಳಿಯುತ್ತಿತ್ತು. ದೊಡ್ಡಿಯಲ್ಲಿ ಕುರಿಗಳು ನೀರಿಗೆ ಒದರತೊಡಗಿದವು. ಮುದುಕವ್ವ ಮೊಣಕಾಲಿಗೆ ಕೈ ಊರಿ ಎದ್ದು, ಒಳಗಿನ ಹೊರಸನ್ನು ತೊಳೆಯಬೇಕು, ಒಬ್ಬಳಿಂದ ಎತ್ತಲಾಗುವುದಿಲ್ಲ ಎಂದಳು.

ದುಂಡವ್ವ ಹೊಸ್ತಿಲು ದಾಟಿ ಒಳಗೆ ಹೋದಳು. ಒಬ್ಬಳು ತಲೆಯ ಕಡೆ, ಒಬ್ಬಳು ಕಾಲಿನ ಕಡೆ ಹಿಡಿದು, ಬಾಗಿಲಲ್ಲಿ ಓರೆ ಮಾಡಿ, ಹೊರಸನ್ನು ಅಂಗಳಕ್ಕೆ ತಂದರು.